ಡಿಕ್ರಿ ಬಂತು, ಕೀಲಿಕೈ ಬರಲಿಲ್ಲ

ದಾವಣಗೆರೆ: ಮಂಡಿಪೇಟೆಯಾಗಲಿ, ಚೌಕಿಪೇಟೆಯಾಗಲಿ, ಬೆಳಿಗ್ಗೆ ಅಂಗಡಿಗಳ ಷಟರ್ ಮೇಲೇಳುವ ಹೊತ್ತಿಗೆ ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡು ಕೋರ್ಟಿನ ಕಡೆ ಹೆಜ್ಜೆ ಹಾಕುವ ಒಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. "ಏನ್ರೀ, ಇವತ್ತೂ ವಾಯಿದೆಯಾ?" ಎಂದರೆ "ಹೌದ್ರೀ, ಇವತ್ತೂ ವಾಯಿದೇನೇ" ಎನ್ನುತ್ತಾರೆ. ಸಂಜೆ ಅದೇ ದಾರಿಯಲ್ಲಿ ವಾಪಸು ಬರುವಾಗ ಅವರನ್ನು ಯಾರೂ ಏನೂ ಕೇಳುವುದಿಲ್ಲ. ಉತ್ತರ ಎಲ್ಲರಿಗೂ ಗೊತ್ತು. ಫೈಲು ಮಾತ್ರ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಹೋಗುತ್ತದೆ.

ಸಿನಿಮಾದಲ್ಲಿ ಮನೆ ಮಾಲೀಕ ಅಂದರೆ ಮೀಸೆ ತಿರುವುವ, ತಿಂಗಳ ಒಂದನೇ ತಾರೀಖು ಬಾಗಿಲು ಬಡಿಯುವ ಮನುಷ್ಯ. ಜಿಲ್ಲಾ ಕೇಂದ್ರಗಳ ಪೇಟೆ ಬೀದಿಯ ವಾಸ್ತವ ಬೇರೆ. ಇಲ್ಲಿ ಮಾಲೀಕ ಎಂದರೆ ರಿಟೈರಾದ ಮೇಷ್ಟ್ರು, ಮಾವ ಬಿಟ್ಟುಹೋದ ಎರಡು ಮಳಿಗೆಯ ಬಾಡಿಗೆಯಲ್ಲೇ ದಿನ ದೂಡುವ ವಿಧವೆ, ಪಿ.ಎಫ್. ಹಣ ಸುರಿದು ಮಹಡಿ ಕಟ್ಟಿಸಿದ ಗುಮಾಸ್ತೆ. ಹಾಗೆಯೇ ಬಾಡಿಗೆದಾರ ಎಂದ ಕೂಡಲೇ ಆತ ಕಬಳಿಸಲು ಕಾದು ಕೂತವನು ಅಂತಲೂ ಅಲ್ಲ. ಇಪ್ಪತ್ತು ವರ್ಷ ಒಂದೇ ಜಾಗದಲ್ಲಿ ಕಿರಾಣಿ ಅಂಗಡಿ ನಡೆಸಿದವನಿಗೆ ಆ ಜಾಗವೇ ಬಂಡವಾಳ. ನಾಲ್ಕು ಬೀದಿ ಆಚೆ ಹೋದರೆ ಉದ್ರಿ ಖಾತೆಯ ಗಿರಾಕಿಗಳು ಹಿಂದೆ ಬರುವುದಿಲ್ಲ. ಕೆಲವರು ಅದೇ ಸಂತೋಷಕ್ಕೆ ಬಾಕಿಯನ್ನೂ ಮರೆತುಬಿಡುತ್ತಾರೆ! ಜಗಳ ಬಹುಪಾಲು ಇಂಥ ಇಬ್ಬರು ಸಣ್ಣ ಮನುಷ್ಯರ ನಡುವೆ. ಅವರಿಬ್ಬರ ಮಧ್ಯೆ ಕೂತಿರುವುದು ಕ್ಯಾಲೆಂಡರು.

ಹತ್ತು ಅಡಿ, ಹದಿನೈದು ಅಡಿ

ಬಾಡಿಗೆ ನಿಯಂತ್ರಣ ಎಂಬುದು ಎರಡನೇ ಮಹಾಯುದ್ಧದ ಕಾಲದ ಕೂಸು. ಊರುಗಳಲ್ಲಿ ಮನೆ ಸಿಗದೆ ಜನ ಪರದಾಡುತ್ತಿದ್ದಾಗ ಬಾಡಿಗೆ ಏರಿಸಬೇಡಿ, ಇದ್ದವರನ್ನು ಹೊರಗೆ ಹಾಕಬೇಡಿ ಎಂದು ಸರ್ಕಾರ ಕೈ ಅಡ್ಡ ಹಿಡಿಯಿತು. ಯುದ್ಧ ಮುಗಿದರೂ ಕೈ ಇಳಿಯಲಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಅಡಿಯಲ್ಲಿ, ಮಾಲೀಕ ತನ್ನದೇ ಮಳಿಗೆ ತನಗೆ ಬೇಕೆಂದರೆ ಆ ಅಗತ್ಯ ಪ್ರಾಮಾಣಿಕವಾದದ್ದು ಎಂದು ಸಾಬೀತು ಮಾಡಬೇಕಿತ್ತು. ಸಾಬೀತಾದ ಮೇಲೂ ಖಾಲಿ ಮಾಡಿಸಿದರೆ ಯಾರಿಗೆ ಹೆಚ್ಚು ಕಷ್ಟ, ಮಾಲೀಕನಿಗೋ ಬಾಡಿಗೆದಾರನಿಗೋ ಎಂದು ಕೋರ್ಟು ತಕ್ಕಡಿ ಹಿಡಿಯಬೇಕಿತ್ತು. ಆ ತಕ್ಕಡಿ ಯಾವ ಕಡೆ ವಾಲುತ್ತದೆಂಬುದನ್ನು ನೋಡುತ್ತಾ ಮುದುಕರಾದ ಮಾಲೀಕರು ಎಷ್ಟೋ.

ಈ ಕಾಯಿದೆಯ ಬದಲಿಗೆ ಬಂದದ್ದು 1999ರ ಕರ್ನಾಟಕ ಬಾಡಿಗೆ ಅಧಿನಿಯಮ. ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಇದು ಹಳೆಯ ರಕ್ಷಣೆಯನ್ನು ಬಹಳಷ್ಟು ಕತ್ತರಿಸಿತು. ಪಟ್ಟಿಯಲ್ಲಿರುವ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡ ಈ ಕಾಯಿದೆಗೆ ಒಳಪಡುವುದಿಲ್ಲ. ವ್ಯಾಪಾರದ ಮಳಿಗೆಗಳ ವಿಷಯದಲ್ಲಿ ಇನ್ನೊಂದು ಗೆರೆ: ತಳ ವಿಸ್ತೀರ್ಣ 14 ಚದರ ಮೀಟರು ಮೀರಿದರೆ ರಕ್ಷಣೆ ಇಲ್ಲ.

ಹದಿನಾಲ್ಕು ಚದರ ಮೀಟರು ಅಂದರೆ ಎಷ್ಟು? ಪೇಟೆಯ ಭಾಷೆಯಲ್ಲಿ ಹೇಳುವುದಾದರೆ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಅಂಗಡಿ. 150 ಚದರ ಅಡಿ. ಅಷ್ಟಿದ್ದರೆ ಕೂದಲೆಳೆಯಲ್ಲಿ ಕಾಯಿದೆಯ ಒಳಗೆ. ಒಂದು ಅಡಿ ಜಾಸ್ತಿಯಾದರೆ ಹೊರಗೆ. ಹೀಗಾಗಿ ಇಂಥ ಕೇಸುಗಳಲ್ಲಿ ಮೊದಲ ಜಗಳ ಬಾಡಿಗೆಯದ್ದಲ್ಲ, ಟೇಪಿನದು. ಗೋಡೆ ಸೇರಿಸಿ ಅಳೆಯಬೇಕೋ, ಒಳಗಷ್ಟೇ ಅಳೆಯಬೇಕೋ? ಮುಂದಿನ ಕಟ್ಟೆ ಲೆಕ್ಕಕ್ಕೆ ಬರುತ್ತದೋ, ಹಿಂದಿನ ಗೋದಾಮು ಅದೇ ಮಳಿಗೆಯ ಭಾಗವೋ? ಕಮಿಷನರನ್ನು ನೇಮಿಸಿ ಅಳತೆ ಮಾಡಿಸಿ ಎಂದು ಒಂದು ಅರ್ಜಿ, ಆ ಅಳತೆ ಸರಿಯಿಲ್ಲವೆಂದು ಮತ್ತೊಂದು ತಕರಾರು. ಇಷ್ಟರಲ್ಲೇ ವರ್ಷ ತಿರುಗಿರುತ್ತದೆ.

ಕಾಯಿದೆಯ ಒಳಗೆ ಬಿದ್ದರೆ ಕಾರಣ ತೋರಿಸಬೇಕು: ಬಾಕಿ, ದುರುಪಯೋಗ, ಒಳಬಾಡಿಗೆ, ಸ್ವಂತದ ಅಗತ್ಯ ಇತ್ಯಾದಿ. ಆದರೆ ಅಲ್ಲೊಂದು ಅನುಕೂಲವಿದೆ. ಬಾಕಿ ಬಾಡಿಗೆ ಕಟ್ಟದೆ ಬಾಡಿಗೆದಾರ ತಕರಾರು ನಡೆಸುವಂತಿಲ್ಲ. ಕಾಯಿದೆಯ ಹೊರಗಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯಿದೆ. ಅಲ್ಲಿ ಕಾರಣವೇ ಬೇಡ. ತಿಂಗಳ ಬಾಡಿಗೆಯಾದರೆ 15 ದಿನದ ನೋಟೀಸು ಸಾಕು. ಹಿಂದೆ ನೋಟೀಸಿನಲ್ಲಿ ಒಂದು ದಿನದ ಲೆಕ್ಕ ತಪ್ಪಿದರೂ ದಾವಾ ಬಿದ್ದುಹೋಗುತ್ತಿತ್ತು. 2002ರ ಕೊನೆಗೆ ಬಂದ ತಿದ್ದುಪಡಿ ಆ ಕಂದಕವನ್ನೂ ಮುಚ್ಚಿತು.

ಓದಿದರೆ ಮಾಲೀಕನ ದಾರಿ ಹೆದ್ದಾರಿಯಂತೆ ನೇರವಾಗಿದೆ ಅನ್ನಿಸುತ್ತದೆ. ಹಾಗಾದರೆ ಫೈಲು ಯಾಕೆ ದಪ್ಪವಾಗುತ್ತದೆ?

ಒಂದೊಂದೇ ವಾಯಿದೆ

ಸಮನ್ಸು ಹೋಗುತ್ತದೆ. "ಮನೆಯಲ್ಲಿ ಇಲ್ಲ" ಎಂದು ಬರೆದುಕೊಂಡು ವಾಪಸು ಬರುತ್ತದೆ. ಎರಡನೇ ಸಲ ಬಾಗಿಲಿಗೆ ಅಂಟಿಸಬೇಕು. ನಂತರ ವಕಾಲತ್ತು, ಆಮೇಲೆ ಲಿಖಿತ ಹೇಳಿಕೆಗೆ ಕಾಲಾವಕಾಶ. ಸಿವಿಲ್ ಪ್ರಕ್ರಿಯಾ ಸಂಹಿತೆ 30 ದಿನ ಎನ್ನುತ್ತದೆ, ಹೆಚ್ಚೆಂದರೆ 90. ಆದರೆ ಸಾಮಾನ್ಯ ದಾವಾಗಳಲ್ಲಿ ಈ ಗಡುವು ಕಲ್ಲಿನ ಮೇಲೆ ಬರೆದದ್ದಲ್ಲ ಎಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿದೆ. ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂಬ ನಿಯಮವೂ ಪುಸ್ತಕದಲ್ಲಿದೆ. ಅದನ್ನು ಕೋರ್ಟಿನ ಕಟ್ಟೆಯ ಮೇಲೆ ಕೂತ ಕಕ್ಷಿದಾರರ ಮುಂದೆ ಓದಿ ಹೇಳಿದರೆ ಅವರಿಗೆ ಸ್ವಲ್ಪ ನಗಲು ಸಿಕ್ಕಂತಾಗುತ್ತದೆ.

ಪೂರ್ತಿ ತಪ್ಪು ನ್ಯಾಯಾಧೀಶರದು ಎಂದರೆ ಅನ್ಯಾಯ. ದಿನದ ಪಟ್ಟಿಯಲ್ಲಿ ಹತ್ತಾರು ಕೇಸು ಇದ್ದಾಗ ಸಾಕ್ಷಿ ವಿಚಾರಣೆಗೆ ಸಿಗುವುದು ಎಷ್ಟು ನಿಮಿಷ? ಅದರ ಮೇಲೆ ವರ್ಗಾವಣೆ, ಖಾಲಿ ಹುದ್ದೆ, ವಕೀಲರ ಕಲಾಪ ಬಹಿಷ್ಕಾರ. ಎಲ್ಲ ಸೇರಿ ಒಂದು ವಾಯಿದೆ ತಪ್ಪಿದರೆ ಮುಂದಿನದು ಒಂದು ತಿಂಗಳೋ ಎರಡು ತಿಂಗಳೋ ಆಚೆ.

ಇಷ್ಟು ಕಾಲ ಎಳೆದಾಗ ಮನುಷ್ಯರು ಸಾಯುತ್ತಾರೆ. ಇದು ಚಮತ್ಕಾರದ ಮಾತಲ್ಲ, ಕೇಸಿನ ಹಂತವೇ ಹೌದು. ಪಕ್ಷಗಾರ ತೀರಿಕೊಂಡರೆ ವಾರಸುದಾರರನ್ನು 90 ದಿನದೊಳಗೆ ದಾಖಲೆಗೆ ತರಬೇಕು. ಐದು ಮಕ್ಕಳು, ಅದರಲ್ಲೊಬ್ಬ ಪುಣೆಯಲ್ಲಿ, ಒಬ್ಬಳು ಗಂಡನ ಮನೆ ಹರಿಹರದಲ್ಲಿ. ಎಲ್ಲರಿಗೂ ಮತ್ತೆ ಸಮನ್ಸು.

ಇನ್ನು ರಸೀದಿಯ ಕತೆ. ತೆರಿಗೆಗೆ ಹೆದರಿಯೋ, ಸೋಮಾರಿತನಕ್ಕೋ, ಬಾಡಿಗೆಯನ್ನು ಕೈಯಲ್ಲೇ ಪಡೆದು ಚೀಟಿ ಕೊಡದ ಮಾಲೀಕರು ಪೇಟೆಯಲ್ಲಿ ಕಡಿಮೆಯೇನಿಲ್ಲ. ಅಂಥವರು ದಾವಾ ಹಾಕಿದ ದಿನ ಬಾಡಿಗೆದಾರ ತಣ್ಣಗೆ "ಇವರು ನನ್ನ ಮಾಲೀಕರೇ ಅಲ್ಲ" ಎಂದುಬಿಡುತ್ತಾನೆ. 1999ರ ಕಾಯಿದೆಯ ಪ್ರಕಾರ ಕರಾರು ಪತ್ರವೋ ರಸೀದಿಯೋ ಇದ್ದರೆ ಕೋರ್ಟು ಅದನ್ನು ನಂಬಿ ಮುಂದುವರಿಯಬಹುದು. ಇಲ್ಲದೆ, ಮೇಲುನೋಟಕ್ಕೂ ಸಂಬಂಧ ಕಾಣದಿದ್ದರೆ, ಈ ಕೇಸು ನಿಲ್ಲಿಸಿ ಮೊದಲು ಸಿವಿಲ್ ಕೋರ್ಟಿನಲ್ಲಿ ಸಂಬಂಧ ಸಾಬೀತು ಮಾಡಿಕೊಂಡು ಬನ್ನಿ ಎನ್ನಬೇಕಾಗುತ್ತದೆ. ಹತ್ತು ರೂಪಾಯಿಯ ರಸೀದಿ ಪುಸ್ತಕ ಉಳಿಸಿದವರು ಐದು ವರ್ಷ ಕಳೆದುಕೊಂಡಿರುತ್ತಾರೆ. ಇಲ್ಲಿ ಬಾಡಿಗೆದಾರನನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ಗೆದ್ದ ಮೇಲಿನ ಪಾಡು

ಕೊನೆಗೊಂದು ದಿನ ಡಿಕ್ರಿ ಆಯಿತು ಎನ್ನಿ. ಮನೆಯಲ್ಲಿ ಪಾಯಸ. ಆದರೆ ಡಿಕ್ರಿ ಅಂದರೆ ಕಾಗದ, ಕೀಲಿಕೈ ಅಲ್ಲ. ಮೇಲ್ಮನವಿಗೆ ತಡೆಯಾಜ್ಞೆ ಬರುತ್ತದೆ. ಅದು ಮುಗಿದರೆ ಬೆಂಗಳೂರಿನ ಹೈಕೋರ್ಟು. ಇಲ್ಲಿಂದ 260 ಕಿಲೋಮೀಟರ್ ಆಸುಪಾಸು, ರಾತ್ರಿ ಬಸ್ಸು, ಬೆಳಿಗ್ಗೆ ವಕೀಲರ ಆಫೀಸು. ಅಲ್ಲೂ ಗೆದ್ದು ಬಂದರೆ ಜಾರಿ ಅರ್ಜಿ ಎಂಬ ಹೊಸ ಕೇಸು. ಅಮೀನರು ವಾರಂಟು ಹಿಡಿದು ಹೋದಾಗ ಒಳಗಿಂದ ಯಾರೋ ಅಪರಿಚಿತ ಬಂದು "ನಾನೇ ಇಲ್ಲಿ ಇರೋನು, ನನಗೂ ಈ ಡಿಕ್ರಿಗೂ ಸಂಬಂಧ ಇಲ್ಲ" ಅನ್ನುತ್ತಾನೆ. ಆ ಅಡ್ಡಿಗೂ ವಿಚಾರಣೆ ಆಗಬೇಕು.

ಇದು ಈ ಕಾಲದ ರೋಗವೂ ಅಲ್ಲ. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂಬರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲು 1872ರಲ್ಲೇ ಆಡಿತ್ತು. 2021ರ ಏಪ್ರಿಲಿನಲ್ಲಿ, ಬೆಂಗಳೂರಿನ ಸ್ವತ್ತೊಂದರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು, ಜಾರಿ ಅರ್ಜಿ ಆರು ತಿಂಗಳಲ್ಲಿ ಮುಗಿಯಬೇಕು, ಮೀರಿದರೆ ಕಾರಣ ಬರೆಯಬೇಕು ಎಂದು ಕಟ್ಟಪ್ಪಣೆ ಮಾಡಿತು. 2025ರ ಮಾರ್ಚಿನಲ್ಲಿ ಅದನ್ನೇ ಮತ್ತೆ ಹೇಳಿ, ಎಲ್ಲ ಹೈಕೋರ್ಟುಗಳಿಂದ ಲೆಕ್ಕ ಕೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ಲೆಕ್ಕ ಬಂತು: ದೇಶದಲ್ಲಿ ಬಾಕಿ ಇರುವ ಜಾರಿ ಅರ್ಜಿಗಳು 8.82 ಲಕ್ಷಕ್ಕೂ ಹೆಚ್ಚು. ಆರು ತಿಂಗಳಲ್ಲಿ ಮುಗಿದದ್ದು 3.38 ಲಕ್ಷ. ಕರ್ನಾಟಕದ ಅಂಕಿ ಅದರಲ್ಲಿ ಇರಲಿಲ್ಲ. ಹೈಕೋರ್ಟಿನಿಂದ ಮಾಹಿತಿಯೇ ಬಂದಿಲ್ಲವೆಂದು ಸುಪ್ರೀಂ ಕೋರ್ಟು ಬೇಸರದಿಂದ ದಾಖಲಿಸಿತು. ಮನೆ ಕಳೆದುಕೊಂಡವನಿಗೆ ವಾಯಿದೆ ಬೀಳುವುದು ಹೊಸದಲ್ಲ. ಲೆಕ್ಕಕ್ಕೇ ವಾಯಿದೆ ಬಿದ್ದದ್ದು ಹೊಸದು.

ಈಗ ಹಣದ ಮಾತು. ಹನ್ನೆರಡು ಅಡಿ, ಇಪ್ಪತ್ತು ಅಡಿಯ ಒಂದು ಮಳಿಗೆ ಎಂದಿಟ್ಟುಕೊಳ್ಳಿ. ಹಳೆಯ ಬಾಡಿಗೆ 1,800. ಪಕ್ಕದ ಮಳಿಗೆಗೆ ಇವತ್ತಿನ ಬಾಡಿಗೆ 9,000. ವ್ಯತ್ಯಾಸ ತಿಂಗಳಿಗೆ 7,200, ವರ್ಷಕ್ಕೆ 86,400. ಕೇಸು ಎಂಟು ವರ್ಷ ನಡೆದರೆ 6,91,200 ರೂಪಾಯಿ. ಸೋಲುವುದು ಖಚಿತವೆಂದು ಗೊತ್ತಿದ್ದೂ ಬಾಡಿಗೆದಾರ ಯಾಕೆ ಹೋರಾಡುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಈ ಕೂಡು-ಕಳೆಯುವ ಲೆಕ್ಕದಲ್ಲೇ ಇದೆ. ಅವನಿಗೆ ಕೇಸು ಗೆಲ್ಲಬೇಕಾಗಿಲ್ಲ. ಮುಗಿಯದಿದ್ದರೆ ಸಾಕು. ಬಾಡಿಗೆ ಎಷ್ಟೆಂದು ನಿಜವಾಗಿ ತೀರ್ಮಾನಿಸುತ್ತಿರುವುದು ಕಾಯಿದೆಯ ಕಲಮು ಅಲ್ಲ, ವಾಯಿದೆ.

ಮಾಲೀಕರ ಅಡ್ಡದಾರಿಗಳು

ಹಾಗಾಗಿ ಮಾಲೀಕರು ತಮ್ಮದೇ ಕಾನೂನು ಮಾಡಿಕೊಂಡಿದ್ದಾರೆ. ಮೊದಲನೆಯದು ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ, ಅದಕ್ಕೆ ಖರ್ಚು. ಹನ್ನೊಂದಕ್ಕೆ ನಿಲ್ಲಿಸಿದರೆ ಆ ತಾಪತ್ರಯ ಇಲ್ಲ. ಆದರೆ ಹನ್ನೊಂದು ತಿಂಗಳಾದ ಕೂಡಲೇ ಬಾಡಿಗೆದಾರ ತಾನಾಗಿ ಗಂಟುಮೂಟೆ ಕಟ್ಟಬೇಕೆಂದು ಆ ಕಾಗದದಲ್ಲಿ ಮಂತ್ರವೇನೂ ಇಲ್ಲ. ಹೋಗದಿದ್ದರೆ ಅದೇ ನೋಟೀಸು, ಅದೇ ದಾವಾ.

ಎರಡನೆಯದು, ಹೋಗುವವರನ್ನೇ ಆರಿಸುವುದು. ಬ್ಯಾಂಕಿನವರು, ಸರ್ಕಾರಿ ನೌಕರರು ಬಂದರೆ ಮಾಲೀಕರ ಮುಖ ಅರಳುತ್ತದೆ. ಇವರಿಗೆ ವರ್ಗಾವಣೆ ಎಂಬುದಿದೆಯಲ್ಲ! ಕಾಲೇಜುಗಳ ಊರಾದ ಇಲ್ಲಿ ವಿದ್ಯಾರ್ಥಿಗಳಿಗೆ ಕೋಣೆ ಕೊಡುವುದೂ ಅದೇ ಲೆಕ್ಕ. ಪರೀಕ್ಷೆ ಮುಗಿದರೆ ಹುಡುಗರು ಊರಿಗೆ. ಇದೇ ಊರಿನಲ್ಲಿ ಸಣ್ಣ ವ್ಯಾಪಾರ ಮಾಡುವ, ಇಲ್ಲೇ ಬದುಕಿ ಇಲ್ಲೇ ಇರಬೇಕಾದ ಸಂಸಾರವಂದಿಗನಿಗೆ ಮಾತ್ರ "ಮನೆ ಖಾಲಿ ಇಲ್ಲ" ಎಂಬ ಉತ್ತರ. ಹಿಂದಿನ ಯಾರೋ ಬಾಡಿಗೆದಾರ ಎಂಟು ವರ್ಷ ಕೂತದ್ದರ ದಂಡವನ್ನು ಕಟ್ಟುತ್ತಿರುವುದು ಈ ಮನುಷ್ಯ. ದೊಡ್ಡ ಅಡ್ವಾನ್ಸೂ ಅದೇ ದಂಡದ ಇನ್ನೊಂದು ಹೆಸರು.

ಮೂರನೆಯದು ಬೀಗ. ಕೊಟ್ಟು ಕೆಡುವುದಕ್ಕಿಂತ ಖಾಲಿ ಇರಲಿ ಎಂಬ ತೀರ್ಮಾನ. 2011ರ ಜನಗಣತಿಯಲ್ಲಿ ದೇಶದ ನಗರ ಪ್ರದೇಶಗಳಲ್ಲೇ ಒಂದು ಕೋಟಿಗೂ ಹೆಚ್ಚು ಮನೆಗಳು ಖಾಲಿ ಬಿದ್ದಿದ್ದವು. ಎಲ್ಲಕ್ಕೂ ಕೋರ್ಟಿನ ಭಯವೇ ಕಾರಣ ಎನ್ನಲಾಗದು. ಮಕ್ಕಳು ಹೊರದೇಶದಲ್ಲಿರುವವರ ಮನೆಯೂ ಅದರಲ್ಲಿದೆ. ಆದರೆ ಭಯವೂ ಒಂದು ಕಾರಣವೆಂಬುದನ್ನು ಕೇಂದ್ರ ಸರ್ಕಾರವೇ ಒಪ್ಪಿಕೊಂಡು 2021ರ ಜೂನಿನಲ್ಲಿ ಮಾದರಿ ಬಾಡಿಗೆ ಕಾಯಿದೆಯನ್ನು ರಾಜ್ಯಗಳ ಮುಂದಿಟ್ಟಿತು.

ಭಯದ ಬೇರು ಕೆದಕಿದರೆ ಇನ್ನೊಂದು ನೆನಪು ಸಿಗುತ್ತದೆ. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರು ಹೊಲದ ಒಡೆಯರಾದರು. ಆ ಕಾನೂನು ಸಾಗುವಳಿ ಜಮೀನಿಗೆ ಸಂಬಂಧಿಸಿದ್ದು. ಪೇಟೆಯ ಮಳಿಗೆಗೂ ಅದಕ್ಕೂ ನಂಟಿಲ್ಲ. ಆದರೂ "ಹನ್ನೆರಡು ವರ್ಷ ಕೂತರೆ ಮನೆ ಅವನದ್ದೇ ಅಂತೆ" ಎಂಬ ಮಾತು ಬಸ್‌ಸ್ಟ್ಯಾಂಡಿನಿಂದ ಮದುವೆ ಮನೆವರೆಗೆ ಓಡಾಡುತ್ತಲೇ ಇದೆ. ತಪ್ಪು ಮಾತು. ಮಾಲೀಕನ ಅನುಮತಿಯಿಂದ ಬಾಡಿಗೆಗೆ ಇರುವವನು ಮೂವತ್ತು ವರ್ಷ ಇದ್ದರೂ ಬಾಡಿಗೆದಾರನೇ. ಹನ್ನೆರಡರ ಲೆಕ್ಕ ಬರುವುದು ಬೇರೆ ಕಡೆ: ಬಾಡಿಗೆ ಸಂಬಂಧ ಕೊನೆಗೊಂಡ ಮೇಲೆ ಸ್ವಾಧೀನ ಕೇಳಿ ದಾವಾ ಹಾಕಲು ಮಾಲೀಕನಿಗೆ 12 ವರ್ಷದ ಕಾಲಮಿತಿ. ನೋಟೀಸು ಕೊಟ್ಟು ಮಲಗಿಬಿಟ್ಟವರು ಎಚ್ಚರವಾಗಿರಬೇಕಾದದ್ದು ಇದಕ್ಕೆ.

ನಾಲ್ಕನೆಯ ದಾರಿ ರಟ್ಟೆಯದು. ಕರೆಂಟು ಕೀಳಿಸುವುದು, ನಲ್ಲಿ ಬಂದ್ ಮಾಡುವುದು, ರಾತ್ರೋರಾತ್ರಿ ಷಟರ್‌ಗೆ ಎರಡನೇ ಬೀಗ ಜಡಿಯುವುದು. ಸಿಟ್ಟು ಅರ್ಥವಾಗುತ್ತದೆ, ಬುದ್ಧಿವಂತಿಕೆ ಅಲ್ಲ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ ಬಾಡಿಗೆದಾರ ಆರು ತಿಂಗಳೊಳಗೆ ದಾವಾ ಹಾಕಿ ಸ್ವಾಧೀನ ಮರಳಿ ಪಡೆಯಬಹುದು. ಆಗ ಹಕ್ಕು ಯಾರದೆಂಬ ಪ್ರಶ್ನೆಯನ್ನು ಕೋರ್ಟು ಕೇಳುವುದೂ ಇಲ್ಲ. ನೆಲೆಯೂರಿದ ಸ್ವಾಧೀನದಲ್ಲಿರುವವನನ್ನು ಖುದ್ದು ಮಾಲೀಕನೂ ಬಲದಿಂದ ಎಬ್ಬಿಸುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟು 2003ರ ಡಿಸೆಂಬರಿನಲ್ಲಿ, ಕರ್ನಾಟಕದಿಂದಲೇ ಹೋದ ಕೇಸಿನಲ್ಲಿ ಖಚಿತಪಡಿಸಿದೆ. ನ್ಯಾಯ ಇದ್ದವನು ಒಂದೇ ರಾತ್ರಿಯಲ್ಲಿ ಆರೋಪಿಯ ಕಟಕಟೆಗೆ ಹೋಗುವ ಸುಲಭ ಉಪಾಯ ಇದು.

ಕೈಗೆಟುಕುವ ದಾರಿ

ಹಾಗಾದರೆ ಎರಡು ಮಳಿಗೆಯ ಆ ವಿಧವೆ ಮಾಡಬೇಕಾದ್ದೇನು? ಒಂದು ಉಪಾಯ ಕಾನೂನಿನಲ್ಲೇ ಇದೆ, ಪೇಟೆಯಲ್ಲಿ ಅದರ ಸುದ್ದಿ ಕಡಿಮೆ. ದೆಹಲಿಯ ಕನಾಟ್ ಸರ್ಕಸ್‌ನ ಒಂದು ಕಟ್ಟಡಕ್ಕೆ ತಿಂಗಳ ಬಾಡಿಗೆ 371 ರೂಪಾಯಿ 90 ಪೈಸೆ ಇತ್ತು. ಖಾಲಿ ಮಾಡುವ ಆದೇಶವಾದ ಮೇಲೆ ಬಾಡಿಗೆದಾರರು ತಡೆಯಾಜ್ಞೆ ಕೇಳಿದಾಗ ಮೇಲ್ಮನವಿ ನ್ಯಾಯಮಂಡಳಿ ತಿಂಗಳಿಗೆ 15,000 ಕಟ್ಟಿ ಎಂದಿತು. 2004ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದು ಸರಿ ಎಂದಿತು: ಆದೇಶವಾದ ಮೇಲೂ ಕೂತಿರಬೇಕೆಂದರೆ ಹಳೆಯ ಬಾಡಿಗೆ ಅಲ್ಲ, ಪೇಟೆಯ ದರ ಕೊಡಿ. ಮೇಲೆ ಹೇಳಿದ 7,200ರ ಲಾಭ ಅಲ್ಲಿಗೆ ಕರಗುತ್ತದೆ; ಲಾಭ ಕರಗಿದರೆ ಎಳೆಯುವ ಉತ್ಸಾಹವೂ ಕರಗುತ್ತದೆ. ಆದರೆ ಇದು ತಾನಾಗಿ ಬರುವುದಲ್ಲ. ತಡೆಯಾಜ್ಞೆಯ ಅರ್ಜಿ ಬಂದ ದಿನವೇ ಅಕ್ಕಪಕ್ಕದ ಮಳಿಗೆಗಳ ಕರಾರು ಪತ್ರ ಮುಂದಿಟ್ಟು ಕೇಳಬೇಕು. ದಾವಾ ನಡೆಯುವಾಗಲೇ ಬಾಡಿಗೆಯನ್ನು ಕೋರ್ಟಿನಲ್ಲಿ ಕಟ್ಟಿಸಿ ಎಂದೂ ಅರ್ಜಿ ಹಾಕಬಹುದು. ಎಷ್ಟೋ ಫೈಲುಗಳಲ್ಲಿ ಈ ಒಂದು ಹಾಳೆ ಇರುವುದಿಲ್ಲ. ವಿಧವೆಯರು, ಅಂಗವಿಕಲರು, 65 ದಾಟಿದವರು ತಮ್ಮ ಉಪಯೋಗಕ್ಕೆ ಬೇಗ ಸ್ವಾಧೀನ ಕೇಳಲು 1999ರ ಕಾಯಿದೆಯಲ್ಲಿ ಪ್ರತ್ಯೇಕ ಅವಕಾಶವಿದೆ. ಆದರೆ ಅದು ಆ ಕಾಯಿದೆಗೆ ಒಳಪಡುವ ಕಟ್ಟಡಗಳಿಗೆ ಮಾತ್ರ ಎಂಬುದು ಅದರ ಕುಂಟು.

ಇನ್ನೊಂದು ರಾಜಿ. ರಾಜಿ ಅಂದರೆ ಮಾಲೀಕರಿಗೆ ಮೈ ಉರಿಯುತ್ತದೆ. "ನಮ್ಮ ಮಳಿಗೆ ನಾವು ತಗೊಳ್ಳೋಕೆ ನಾವೇ ದುಡ್ಡು ಕೊಡಬೇಕೇನ್ರೀ?" ಮಾತು ನ್ಯಾಯವೇ. ಆದರೂ ಬಾಡಿಗೆದಾರನಿಗೆ ಹೊಸ ಜಾಗ ಹುಡುಕಲು ಒಂದು ವರ್ಷ, ಕೊನೆಯ ಕೆಲವು ತಿಂಗಳ ಬಾಡಿಗೆ ಮಾಫಿ, ಅಡ್ವಾನ್ಸು ವಾಪಸು ಎಂದು ಒಪ್ಪಿಸಿ, ತಾರೀಖು ನಮೂದಿಸಿ ಲೋಕ ಅದಾಲತಿನಲ್ಲಿ ಸಹಿ ಹಾಕಿಸಿದರೆ ಅದು ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಕಟ್ಟಿದ ಕೋರ್ಟು ಶುಲ್ಕವೂ ವಾಪಸು. ಬಾಡಿಗೆದಾರನಿಗೂ ಬಾಗಿಲಿಗೆ ಅಮೀನರು ಬರುವ ಅವಮಾನ ತಪ್ಪುತ್ತದೆ. ದೀಪಾವಳಿ ವ್ಯಾಪಾರ ಮುಗಿಸಿಕೊಂಡು, ಗಿರಾಕಿಗಳಿಗೆ ಹೊಸ ವಿಳಾಸ ಹೇಳಿ ಹೊರಡಬಹುದು. ಗಾಳಿಯಲ್ಲಿ ಆಡಿದ ಮಾತಿನ ರಾಜಿ, ಹಿರಿಯರ ಮುಂದೆ ಬಿಳಿ ಹಾಳೆಯಲ್ಲಿ ಬರೆದ ರಾಜಿ ಮಾತ್ರ ಬೇಡ. ಅದನ್ನು ಜಾರಿ ಮಾಡಿಸಲು ಮತ್ತೊಂದು ದಾವಾ ಬೇಕಾಗುತ್ತದೆ.

ಮಾದರಿ ಕಾಯಿದೆ ಕೋರ್ಟಿನ ಹೊರೆ ತಪ್ಪಿಸಲು ಬಾಡಿಗೆ ಪ್ರಾಧಿಕಾರ, ಬಾಡಿಗೆ ನ್ಯಾಯಾಲಯ, ನ್ಯಾಯಮಂಡಳಿ ಎಂಬ ಮೂರು ಮೆಟ್ಟಿಲು ಹಾಕಿದೆ. ಅವಧಿ ಮುಗಿದೂ ಕೂತವನಿಗೆ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ. ಅದರ ಜೊತೆಗೇ ಬಾಡಿಗೆದಾರನ ಪರವಾಗಿ ಮನೆಗೆ ಎರಡು ತಿಂಗಳ, ಮಳಿಗೆಗೆ ಆರು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸು ಕೇಳುವಂತಿಲ್ಲ. ತಮಿಳುನಾಡು 2017ರಲ್ಲೇ ತನ್ನ ಹೊಸ ಕಾಯಿದೆ ಮಾಡಿ 2019ರಿಂದ ನಡೆಸುತ್ತಿದೆ. ಹೊಸ ನ್ಯಾಯಾಲಯವೆಂದು ಬೋರ್ಡು ಬದಲಿಸಿ, ಅದೇ ಅಧಿಕಾರಿಗಳ ತಲೆಗೇ ಇನ್ನೊಂದು ಟೋಪಿ ಹಾಕಿದರೆ ಅಲ್ಲೂ ವಾಯಿದೆ ಬೀಳುವುದು ಖಂಡಿತ. ಕರ್ನಾಟಕದಲ್ಲಿ ಈ ದಾರಿ ಹಿಡಿಯುವುದಾದರೆ ಕಾಯಿದೆಯ ಜೊತೆಗೆ ಕೂರುವ ಮನುಷ್ಯರ ಸಂಖ್ಯೆಯನ್ನೂ ವಿಧಾನಸೌಧದವರು ಹೇಳಬೇಕು.

ಸದ್ಯಕ್ಕೆ ಪೇಟೆಯವರು ಮಾಡಬಹುದಾದ ಕೆಲಸ ಚಿಕ್ಕದು. ಮಾಲೀಕರು ಬಾಡಿಗೆಗೆ ರಸೀದಿ ಕೊಡಲಿ, ಇಲ್ಲವೇ ಬ್ಯಾಂಕಿಗೇ ಹಾಕಿಸಿಕೊಳ್ಳಲಿ. ಅಡ್ವಾನ್ಸು ಕೊಟ್ಟ ಬಾಡಿಗೆದಾರರೂ ಅದಕ್ಕೊಂದು ಕಾಗದ ಪಡೆಯಲಿ. ಮಳಿಗೆ ಬಿಟ್ಟ ಮೇಲೆ ಆ ಹಣಕ್ಕಾಗಿ ಇದೇ ಕೋರ್ಟಿನ ಇದೇ ಕಟ್ಟೆಯ ಮೇಲೆ ಕೂತಿರುವ ಬಾಡಿಗೆದಾರರೂ ಇದ್ದಾರೆ. ಅವರ ಕೈಯಲ್ಲೂ ಒಂದು ಫೈಲು ಇದೆ.